ಹನ್ನೊಂದರಲ್ಲಿ ಒಂದು

“ಕಣ್ಣಿದ್ದಾಗ ರಾಚವ್ವಾರು ನನಗ ನೀರು ಮ್ಯಾಲಿಂದ ಹಾಕತಿದ್ರು. ನಾ ಎರಡೂ ಕೈ ಬೊಗಸಿ ಮಾಡಿ ಬಗ್ಗಿ ಕುಡೀತಿದ್ದೆ. ಕಣ್ಣು ಹ್ವಾದ ಮ್ಯಾಲ ಅದ ಕೈ ಹಿಡಕೊಂಡು ಅಡ್ಡಾಡಾಕ ಹತ್ತಿದ್ರು. ಮೊದಲನೇ ದಿನ ಹಿತ್ತಲಕ್ಕ ಹೋಗೂ ಮುಂದ ನನ್ನ ರಟ್ಟಿ ಹಿಡದಾಗ ಮೈಯೆಲ್ಲಾ ಜುಮ್ ಅಂತಕ್ಕ. ‘ಅವ್ವಾರ, ನಾನ್ರಿ, ಕೃಷ್ಣವ್ವ’ ಅಂದೆ. ‘ಗೊತ್ತೈತಿ ನಡಿ, ಕುರುಡಿ ಆಗೇನಿ, ಕಿವುಡಿ ಆಗಿಲ್ಲ’ ಅಂದ್ರು. ಹಂತಾ ಕೈ ಅದು. ಆ ಕೈ ಹಿಡಕೊಂಡು ಸಾಲಿ ಒಳಗ ಹೋಗಿ ನಾ ಏನ ಮಾಡಿ ಬಂದೆ? ನೀ ಇದನ್ನ ಬರೀತೀ ಅಂದ್ರ ಬರಿ. ಆದ್ರ ಬಡವಿ, ಪಾಪ, ಹೊಟ್ಟಿಗೆ ಇಲ್ಲದ್ದಕ್ಕ ಮಾಡಿದ್ಲು ಅಂತ ಬರೀಬ್ಯಾಡ. ನನಗ ಯಾರೂ ಒಂದು ಪೈಸಾ ಕೊಟ್ಟಿಲ್ಲ. ಯಾರೂ ಕುತಿಗಿ ಹಿಡದಿಲ್ಲ. ಓಟು ಹಾಕೂ ಆ ರಟ್ಟಿನ ಮರಿಯೊಳಗ ನಾವಿಬ್ಬರ ಇದ್ವಿ. ಅವರಿಗೆ ಕಾಣತಿದ್ದಿಲ್ಲ. ನನಗ ಚಂದಂಗ ಕಾಣತಿತ್ತು. ಕಂಡ ಮಾಡಿದೆ.”

ಇದನ್ನು ಕೃಷ್ಣವ್ವ ನನಗೆ ಹೇಳಿದ್ದು ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ. ಕರೆಂಟು ಹೋಗಿತ್ತು. ನಮ್ಮಿಬ್ಬರ ಜೋಳದ ಪುಟ್ಟಿಗಳು ಸಾಲಿನಲ್ಲಿದ್ದವು. ಕರೆಂಟು ಬಂದ ಮೇಲೂ ಆಕೆ ಮಾತು ನಿಲ್ಲಿಸಲಿಲ್ಲ. ನಾನು ನಮ್ಮ ಸರದಿಯನ್ನು ಹಿಂದಿನವರಿಗೆ ಬಿಟ್ಟುಕೊಟ್ಟು ಕೇಳುತ್ತ ಕೂತೆ. ನಡುವೆ ಏನನ್ನೂ ಕೇಳಲಿಲ್ಲ. ಕೇಳಿದರೆ ಜನ ನಾವು ಕೇಳಿದ್ದಕ್ಕೆ ಉತ್ತರ ಹೇಳುತ್ತಾರೆ, ಹೇಳಬೇಕೆಂದು ಬಂದದ್ದು ಒಳಗೇ ಉಳಿಯುತ್ತದೆ.

ಕೃಷ್ಣವ್ವ ಕಟಕೋಳದ ಮಗಳು. ಹದಿನಾಲ್ಕಕ್ಕೆ ಮದುವೆಯಾಗಿ ನಮ್ಮೂರಿಗೆ ಬಂದಳು. ನಮ್ಮೂರು ಎಂದರೆ ಉಗರಗೋಳ ದಾಟಿ ಎರಡು ಹರದಾರಿ, ದಿನಕ್ಕೆ ಮೂರು ಸಲ ಸವದತ್ತಿ ಬಸ್ಸು. ಗಂಡ ಕಾಡಪ್ಪ ಬಾವಿ ತೋಡುವ ಗುಂಪಿನಲ್ಲಿದ್ದ, ಒಂದು ದಿನ ದಂಡೆ ಕುಸಿದು ಹೋದ. ಅಂದಿನಿಂದ ಆಕೆ ರಾಚವ್ವನ ಹೊಲದಲ್ಲಿ ಕಳೆ ತೆಗೆದಳು, ಹತ್ತಿ ಬಿಡಿಸಿದಳು, ಕಡಲೆ ಕಿತ್ತಳು. ಮೊಣಕಾಲು ಸೋತ ಮೇಲೆ ಮನೆಗೆ ಬಂದು ಕಾಳು ಹಸನು ಮಾಡತೊಡಗಿದಳು. ರಾಚವ್ವ ಬಸವಣ್ಣನ ಗುಡಿಯ ಹಿಂದಿನ ದೊಡ್ಡ ಮನೆಯವಳು. ಮೂವತ್ತು ಎಕರೆ, ಇಬ್ಬರು ಗಂಡುಮಕ್ಕಳು, ಹೆಸರಿಗೆ ಒಂದೇ ಮನೆ, ಒಳಗೆ ಎರಡು ಒಲೆ. ಒಂಬತ್ತು ವರ್ಷದ ಹಿಂದೆ ಎರಡೂ ಕಣ್ಣಿನ ಬೆಳಕು ಹೋಯಿತು. ಸೊಸೆ ಶೈಲಜಾ ಹಸನು ಮಾಡಿದ ಜೋಳದಲ್ಲಿ ರಾಚವ್ವ ಕೈಯಾಡಿಸಿ, ಹರಳು ಹುಡುಕಿ, ಆಕೆಯ ಮುಂದೆ ಇಡುತ್ತಿದ್ದಳು. ಕೃಷ್ಣವ್ವ ಮಾಡಿದ್ದಾದರೆ “ಅಕೀದು ನೋಡೂದ ಬ್ಯಾಡ, ಡಬ್ಬಿಗೆ ಸುರಿ” ಎನ್ನುತ್ತಿದ್ದಳು. ಊರಿಗೆಲ್ಲ ಈ ಮಾತು ಗೊತ್ತಿತ್ತು. ಶೈಲಜಾಗಂತೂ ಚೆನ್ನಾಗಿ ಗೊತ್ತಿತ್ತು.

ಹೋದ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಕ್ಷೇತ್ರಕ್ಕೆ ಹನ್ನೆರಡು ಮಂದಿ ನಿಂತಿದ್ದರು. ಜೋರಿದ್ದದ್ದು ಟ್ರ್ಯಾಕ್ಟರ್ ಗುರುತಿನವರು ಮತ್ತು ಕುಕ್ಕರ್ ಗುರುತಿನವರು. ರಾಚವ್ವನ ಹಿರಿಯ ಮಗ ವೀರಪ್ಪ ಟ್ರ್ಯಾಕ್ಟರ್ ಕಡೆ, ಕಿರಿಯ ಬಸವಲಿಂಗ ಕುಕ್ಕರ್ ಕಡೆ. ಕುರುಡರು, ಬಹಳ ವಯಸ್ಸಾದವರು ಮನೆಯಲ್ಲೇ ಓಟು ಹಾಕಬಹುದು ಎಂದು ಬರೆದುಕೊಳ್ಳಲು ಬಂದವರಿಗೆ ರಾಚವ್ವ ಬೇಡ ಎಂದಳು.

“ಮನ್ಯಾಗ ಹಾಕಿದ್ರ ಈ ಇಬ್ಬರು ಎರಡೂ ಹೆಗಲ ಮ್ಯಾಲ ಕುಂದರತಾರ. ನಾ ಸಾಲಿಗೇ ಬರತೇನಿ. ಕುರುಡರ ಜೋಡಿ ಒಬ್ಬರು ಹೋಗಬಹುದಂತಲ್ಲ? ಕೃಷ್ಣವ್ವ ಬರತಾಳ.”

“ಹೆತ್ತ ಮಕ್ಕಳ ಬಿಟ್ಟು ಹೊರಗಿನಾಕಿ ಕೈಯಾಗ ಓಟು ಕೊಡತೀ ಏನಬೇ?” ಎಂದ ವೀರಪ್ಪ.

“ಹೊರಗಿನಾಕಿಗೆ ನನ್ನ ಓಟಿನ ಆಸೆ ಇಲ್ಲಪಾ. ಇದ್ದದ್ದು ಒಳಗಿನವರಿಗೆ.”

ಈ ಮಾತು ನಡೆದಾಗ ಕೃಷ್ಣವ್ವ ಪಡಸಾಲೆಯಲ್ಲಿ ಮೊರ ಹಿಡಿದು ಕೂತಿದ್ದಳು. ಎದೆ ಉಬ್ಬಿತ್ತು ಎಂದು ನನಗೆ ಹೇಳಿದಳು.

ರಾಚವ್ವನ ಓಟು ಹೊಲಿಗೆ ಮಷೀನಿಗೆ. ಯಾವ ಪಕ್ಷವೂ ಇಲ್ಲದೆ ನಿಂತಿದ್ದ ಒಬ್ಬ ಮಾಸ್ತರರ ಗುರುತು ಅದು. ನಿವೃತ್ತಿಯಾಗಿ ಒಬ್ಬರೇ ಮನೆಮನೆ ತಿರುಗುತ್ತಿದ್ದರು. “ಉಳಿದವರು ಬಂದು ನನ್ನ ಕಾಲ ಹಿಡದ್ರು, ಹಿಡದಷ್ಟೂ ಹೊತ್ತು ಟಿಕ್ ಟಿಕ್ ಅಂತ ಫೋಟೋ ತಗದ್ರು. ಮಾಸ್ತರ ಬಂದು, ನಿಮಗೇನ ಬೇಕ್ರಿ ಅಂತ ಕೇಳಿ, ನಾ ಹೇಳೂತನಕ ಸುಮ್ಮ ಕುಂತಿದ್ದ” ಎಂದು ರಾಚವ್ವ ಕೃಷ್ಣವ್ವನಿಗೆ ಮಾತ್ರ ಹೇಳಿದಳು. ಓಟಿನ ಮಷೀನಿನ ಪಟ್ಟಿಯಲ್ಲಿ ಆ ಗುರುತು ಮೇಲಿನಿಂದ ಏಳನೆಯದು. ಟ್ರ್ಯಾಕ್ಟರ್ ನಾಲ್ಕನೆಯದು.

ಆಣೆಯ ಸಂಗತಿ ಇಲ್ಲಿ ಬರುತ್ತದೆ.

ಓಟಿಗೆ ಐದು ದಿನ ಇದ್ದಾಗ ಟ್ರ್ಯಾಕ್ಟರಿನವರ ಪರವಾಗಿ ಮಾಂತೇಶ ಕೃಷ್ಣವ್ವನ ಕೇರಿಗೆ ಬಂದ. ನಮ್ಮೂರಿನವನೇ, ಚುನಾವಣೆ ಬಂದರೆ ಬಿಳಿ ಅಂಗಿ ಹಾಕುವವನು. ಹಿತ್ತಾಳೆ ತಾಟಿನಲ್ಲಿ ಎಲ್ಲಮ್ಮನ ಗುಡ್ಡದ ಭಂಡಾರ ತಂದಿದ್ದ. ಭಂಡಾರ ಎಂದರೆ ಅರಿಶಿನವೇ, ಆದರೆ ತಾಯಿಯ ಪಾದಕ್ಕೆ ಮುಟ್ಟಿಸಿ ತಂದ ಮೇಲೆ ಅದು ಅರಿಶಿನವಲ್ಲ. ಅದರಲ್ಲಿ ಕೈಯಿಟ್ಟು ಆಡಿದ ಮಾತನ್ನು ಈ ಸೀಮೆಯಲ್ಲಿ ಯಾರೂ ತಪ್ಪುವುದಿಲ್ಲ, ತಪ್ಪಿ ನಿದ್ದೆ ಮಾಡುವುದಿಲ್ಲ.

“ಯಕ್ಕಾ, ನಿಮ್ಮನ್ಯಾಗ ಎಷ್ಟು ಓಟು?”

“ಎರಡಪಾ. ನಂದು, ನಮ್ಮ ಸಂದೀಪಂದು.”

“ಕೇರಿಗೆ ನೀರಿನ ಪೈಪು ತರತೇವಿ ಅಂದೇವಿ. ತರೂದು ನಮ್ಮ ಕೆಲಸ. ಎರಡೂ ಓಟು ಟ್ರ್ಯಾಕ್ಟರಿಗೆ ಅಂತ ಹೇಳಿ ಕೈ ಇಡು.”

ಹೇಗೂ ಅದಕ್ಕೇ ಹಾಕುವವಳಿದ್ದಳು. ಗೋವಾದಲ್ಲಿ ಕಟ್ಟಡದ ಕೆಲಸದಲ್ಲಿದ್ದ ಮಗ ಸಂದೀಪ ಓಟಿಗೆ ಬಂದೇ ಬರುತ್ತೇನೆ ಎಂದಿದ್ದ. ಎರಡೂ ಓಟು ಎಂದು ನುಡಿದು ಕೈಯಿಟ್ಟಳು, ಹಣೆಗೆ ಹಚ್ಚಿಕೊಂಡಳು.

ಓಟಿನ ಹಿಂದಿನ ದಿನ ಸಂಜೆ ಸಂದೀಪನ ಫೋನು ಬಂತು. “ನಾಳಿ ಸ್ಲ್ಯಾಬ್ ಹಾಕೂದೈತಿ ಯವ್ವಾ. ಮೇಸ್ತ್ರಿ ಬಿಡವಲ್ಲ. ಒಂದು ಓಟಿಲ್ಲಂದ್ರ ಯಾರ ಸರಕಾರ ಬೀಳತೈತಿ ಬಿಡು.”

ಅವನಿಗೆ ಆಣೆಯ ಸುದ್ದಿ ಗೊತ್ತಿರಲಿಲ್ಲ. ಆಕೆ ಹೇಳಲೂ ಇಲ್ಲ. ಹೇಳಿದ್ದರೆ ಅವನು ನಗುತ್ತಿದ್ದ.

ಕೃಷ್ಣವ್ವನಿಗೆ ನಗಲು ಬರುವಂತಿರಲಿಲ್ಲ. ಸಂದೀಪನ ಮೊದಲು ಒಬ್ಬ ಮಗಳಿದ್ದಳು, ದುರ್ಗಾ. ಮೂರು ವರ್ಷದವಳಿದ್ದಾಗ ಜ್ವರ ಬಂತು. ಇಳಿದರೆ ನಡೆದು ಗುಡ್ಡಕ್ಕೆ ಬರುತ್ತೇನೆ ಎಂದು ಹರಕೆ ಹೊತ್ತಳು. ಜ್ವರ ಇಳಿಯಿತು. ಹತ್ತಿ ಬಿಡಿಸುವ ದಿನಗಳು, ಮುಂದಿನ ಹುಣ್ಣಿಮೆಗೆ ಹೋದರಾಯಿತು ಎಂದಳು. ಹುಣ್ಣಿಮೆ ಬರುವುದರೊಳಗೆ ಜ್ವರ ತಿರುಗಿ ಬಂತು, ಮಗು ಉಳಿಯಲಿಲ್ಲ. ಜ್ವರಕ್ಕೆ ಸತ್ತಿತು ಎಂದು ನಾವು ಹೇಳಬಹುದು. ನಲವತ್ತು ವರ್ಷದಿಂದ ಆಕೆ ಹಾಗೆ ಹೇಳಿಕೊಂಡಿಲ್ಲ. ಈಗ ಮಗ ನಾಳೆ ನಾಲ್ಕನೇ ಮಾಳಿಗೆಯ ಮೇಲೆ ನಿಲ್ಲುವವನು. ಆಣೆ ಎರಡು ಓಟಿನದು. ಕೈಯಲ್ಲಿರುವುದು ಒಂದು.

ಮರುದಿನ ಬೆಳಿಗ್ಗೆ ರಾಚವ್ವ ಇಳಕಲ್ ಸೀರೆ ಉಟ್ಟು ಶಾಲೆಯ ಮತಗಟ್ಟೆಗೆ ಹೊರಟಳು. ದಾರಿಯುದ್ದಕ್ಕೂ ಎಡಗೈ ಕೃಷ್ಣವ್ವನ ರಟ್ಟೆಯ ಮೇಲಿತ್ತು. ಸಾಲಿನಲ್ಲಿ ನಿಂತ ಹೆಂಗಸರು ದಾರಿ ಬಿಟ್ಟರು. ಮೊದಲು ಕೃಷ್ಣವ್ವ ತನ್ನ ಓಟು ಹಾಕಿದಳು, ಟ್ರ್ಯಾಕ್ಟರಿಗೆ. ಎಡಗೈ ಬೆರಳಿಗೆ ಶಾಯಿ ಬಿತ್ತು. ಆಮೇಲೆ ರಾಚವ್ವನ ಸರದಿ. ಮತಗಟ್ಟೆಯ ಸಾಹೇಬರು ಒಂದು ಕಾಗದ ಓದಿ ಹೇಳಿದರು: ಇವರು ಹೇಳಿದವರಿಗೇ ಒತ್ತಬೇಕು, ಯಾರಿಗೆ ಎಂದು ಹೊರಗೆ ಹೇಳಬಾರದು, ಇವತ್ತು ಇನ್ನೊಬ್ಬರ ಜೊತೆ ಹೀಗೆ ಬರಬಾರದು. ಕೃಷ್ಣವ್ವ ಹೆಬ್ಬೆಟ್ಟು ಒತ್ತಿದಳು. ಜೊತೆ ಬಂದವಳ ಗುರುತಿಗೆ ಬಲಗೈ ಬೆರಳಿಗೂ ಶಾಯಿ ಹಚ್ಚಿದರು.

ರಟ್ಟಿನ ಮರೆಯಲ್ಲಿ ರಾಚವ್ವ ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು, “ಏಳನೇದು.”

“ಹೂಂನ್ರಿ.”

ಏಳನೆಯ ಗುಂಡಿಯ ಮೇಲೆ ಬೆರಳು ಇಟ್ಟಿದ್ದೆ ಎನ್ನುತ್ತಾಳೆ ಕೃಷ್ಣವ್ವ. ಒತ್ತಲಿಲ್ಲ. ಬೆರಳು ಮೇಲೆ ಹೋಯಿತು. ಆರು, ಐದು, ನಾಲ್ಕು.

ಪಕ್ಕದ ಡಬ್ಬಿಯ ಗಾಜಿನ ಹಿಂದೆ ದೀಪ ಹತ್ತಿ ಒಂದು ಚೀಟಿ ಕಾಣಿಸಿತು. ಅದರಲ್ಲಿ ಟ್ರ್ಯಾಕ್ಟರಿನ ಚಿತ್ರ. ಅದು ಏಳು ಸೆಕೆಂಡು ಇರುತ್ತದೆಯಂತೆ. “ಒಂದು ಪಾತಿ ಕಳೆ ತಗದಷ್ಟು ಹೊತ್ತು ಇತ್ತಕ್ಕ ಅದು” ಎಂದಳು ಆಕೆ. ಆಮೇಲೆ ಚೀಟಿ ತುಂಡಾಗಿ ಕೆಳಗೆ ಬಿತ್ತು, ಮಷೀನು ಉದ್ದಕ್ಕೆ ಕೂಗಿತು.

“ಆತ?”

“ಆತ್ರಿ.”

“ಏಳನೇದಕ್ಕ?”

“ಹೌದ್ರೀ ಅವ್ವಾರ.”

ಹೊರಗೆ ಬಂದರೆ ಕಟ್ಟೆಯ ಮೇಲಿದ್ದ ಹಣಮಂತಪ್ಪ ಮುದುಕ ನಕ್ಕ. “ಏನ ಕೃಷ್ಣವ್ವ, ಎರಡೂ ಕೈಗೆ ಬಣ್ಣ! ಎರಡನೇ ಲಗ್ನಾ ಏನ?”

ಎಲ್ಲರೂ ನಕ್ಕರು, ರಾಚವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು. ಅಂದು ಸಂಜೆ ಮಾಂತೇಶ ಎದುರಿಗೆ ಸಿಕ್ಕು ಕೇಳಿದಾಗ ಕೃಷ್ಣವ್ವ “ಎರಡೂ ಬಿದ್ದಾವು” ಎಂದಳು. ಅದು ಸುಳ್ಳಾಗಿರಲಿಲ್ಲ. ಸಂದೀಪ ಫೋನು ಮಾಡಿ ಸ್ಲ್ಯಾಬ್ ಚೆನ್ನಾಗಿ ಆಯಿತು ಎಂದ. ಆಕೆ ಗುಡ್ಡದ ದಿಕ್ಕಿಗೆ ಕೈ ಮುಗಿದಳು. ಎರಡು ಕೈ ಜೋಡಿಸಿದಾಗ ಎರಡು ಶಾಯಿಯ ಬೆರಳುಗಳೂ ಎದುರೆದುರಾದವು, ನೋಡಲಾಗದೆ ಕೈ ಬಿಟ್ಟಳು.

ಟ್ರ್ಯಾಕ್ಟರಿನವರು ಆರಿಸಿ ಬಂದರು, ಸಾವಿರಗಟ್ಟಲೆ ಮುಂದಿದ್ದು. “ಅಷ್ಟು ಸಾವಿರದಾಗ ಬರೂದಿತ್ತಂದ್ರ ಅವರಿಗೆ ಈ ಒಂದು ಯಾಕ ಬೇಕಾಗಿತ್ತು?” ಎಂದು ಆಕೆ ನನ್ನನ್ನು ಕೇಳಿದಳು. ಬೇಕಾಗಿದ್ದದ್ದು ಅವರಿಗಲ್ಲ ಎಂದು ಆಕೆಗೂ ಗೊತ್ತು.

ಒಂದು ವಾರ ಕಳೆದ ಮೇಲೆ ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಎಂಬ ಪಟ್ಟಿ ಊರಿಗೆ ಬಂತು. ನಮ್ಮ ಮತಗಟ್ಟೆಯಲ್ಲಿ ಹೊಲಿಗೆ ಮಷೀನಿಗೆ ಬಿದ್ದದ್ದು ಹನ್ನೊಂದು. ಬಸವಲಿಂಗ ಅದನ್ನು ನಗುತ್ತ ಓದಿದ. ರಾಚವ್ವ ನಗಲಿಲ್ಲ. ಆಕೆಗೆ ದೊಡ್ಡ ಸಂತೋಷವಾಗಿತ್ತು.

“ಹನ್ನೊಂದರಾಗ ಒಂದು ನಂದು. ಉಳಿದ ಹತ್ತು ಯಾರವು ಕೃಷ್ಣವ್ವ?”

ಅಂದಿನಿಂದ ಅದೇ ಆಕೆಯ ಆಟವಾಯಿತು. ಕೃಷ್ಣವ್ವ ಜೋಳ ಕೇರುತ್ತಿದ್ದರೆ ರಾಚವ್ವ ಬೆರಳು ಮಡಚುತ್ತ ಕೂಡುವಳು. ಗಿರಣಿಯ ನಿಜಗುಣಪ್ಪ ಹಾಕಿರಬೇಕು, ಮಾಸ್ತರರ ಕೈಯಲ್ಲಿ ಕಲಿತವನು. ಅಂಗನವಾಡಿಯ ಟೀಚರು ಹಾಕಿರಬೇಕು. ಕುರಿ ಕಾಯುವ ಬೀರಪ್ಪ ಹಾಕಿರಬೇಕು, ಅವನು ಯಾರ ಮಾತೂ ಕೇಳುವವನಲ್ಲ. ಒಂದು ದಿನ ಏಳಕ್ಕೆ ಬರುವುದು, ಇನ್ನೊಂದು ದಿನ ಒಂಬತ್ತು. ಪ್ರತಿಸಲವೂ ಮೊದಲ ಬೆರಳು ತನ್ನದು, ಅದನ್ನು ಮಡಚಿಟ್ಟುಕೊಂಡೇ ಶುರು. ಕೃಷ್ಣವ್ವ ಆ ಮಡಚಿದ ಬೆರಳನ್ನು ನೋಡುತ್ತ ಮೊರ ಆಡಿಸುವಳು. ತನ್ನ ಬಲಗೈ ಬೆರಳಿನ ಶಾಯಿ ಆಗ ಉಗುರಿನ ಅರ್ಧಕ್ಕೆ ಬಂದಿತ್ತು. ಉಗುರು ಬೆಳೆದು ಶಾಯಿ ಹೋದರೆ ಇದೂ ಹೋದೀತು ಎಂದುಕೊಂಡಿದ್ದಳು. ಆಷಾಢದಲ್ಲಿ ಶಾಯಿ ಪೂರ್ತಿ ಹೋಯಿತು.

ಹೇಳಬೇಕೆಂದು ಮೂರು ಸಲ ಬಾಯಿ ತೆರೆದಳಂತೆ. ಒಮ್ಮೆ ಶೈಲಜಾ ಚಹಾ ತಂದಳು. ಒಮ್ಮೆ ರಾಚವ್ವನೇ ನಿದ್ದೆ ಹೋಗಿದ್ದಳು. ಮೂರನೆಯ ಸಲ ಯಾವ ಅಡ್ಡಿಯೂ ಇರಲಿಲ್ಲ, “ಅವ್ವಾರ, ಜೋಳದಾಗ ನುಸಿ ಬಿದ್ದಾವ್ರಿ” ಎಂದು ಹೇಳಿದಳು.

ಮಳೆಗಾಲ ಮುಗಿದ ಮೇಲೆ ಶಾಸಕರು ನಮ್ಮೂರಿಗೆ ಬಂದರು, ಜನರ ಅಹವಾಲು ಕೇಳಲು. ಶಾಲೆಯ ಅಂಗಳದಲ್ಲಿ ಶಾಮಿಯಾನ, ಖುರ್ಚಿ, ಮೈಕು. ಕೇರಿಗೆ ಇನ್ನೂ ಪೈಪು ಬಂದಿರಲಿಲ್ಲ. ಹೆಂಗಸರು ಹೊಲದ ಬಾವಿಯಿಂದ ಕೊಡ ಹೊರುತ್ತಿದ್ದರು. ಕೇರಿಯವರು ಅರ್ಜಿ ಹಿಡಿದು ಹಿಂದೆ ನಿಂತಿದ್ದರು. ರಾಚವ್ವ ಕೃಷ್ಣವ್ವನ ರಟ್ಟೆ ಹಿಡಿದು ನೆಟ್ಟಗೆ ಮುಂದೆ ನಡೆಸು ಎಂದಳು. ಮೈಕು ಆಕೆಯ ಬಾಯಿಗೆ ಹಿಡಿದರು.

“ನೋಡಪಾ, ನಾ ನಿನಗ ಓಟು ಹಾಕಿಲ್ಲ.”

ಅಂಗಳವೆಲ್ಲ ನಕ್ಕಿತು. ವೀರಪ್ಪ ಎದ್ದು ನಿಂತು, “ಯವ್ವಾ, ಕೂಡಬೇ” ಎಂದ.

“ನೀ ಕೂಡು. ನಾ ಹೊಲಿಗಿ ಮಷೀನಿಗೆ ಹಾಕೇನಿ. ಈ ಊರಾಗ ಹನ್ನೊಂದು ಬಿದ್ದಾವು, ಹನ್ನೊಂದರಾಗ ಒಂದು ನಂದು. ಸುಳ್ಳಲ್ಲ, ಈಕಿನ್ನ ಕೇಳು, ಈಕೀನ ಒತ್ಯಾಳ. ಆದ್ರ ಈಗ ಗೆದ್ದಾಂವ ನೀನು. ನಾ ಕೇಳೂದಂದ್ರ ಎಲ್ಲಿ ಹೋಗಲಿ? ಹಾಕಿದವರಿಗೂ ನೀನ, ಹಾಕದವರಿಗೂ ನೀನ. ಕೇರಿಗೆ ನೀರಿಲ್ಲ. ನನ್ನ ಮನಿಗೆ ಐತಿ, ನನ್ನ ಸಲುವಾಗಿ ಕೇಳಾಕತ್ತಿಲ್ಲ.”

ಶಾಸಕರು ಎದ್ದು ಕೈ ಮುಗಿದರು. ಎಷ್ಟೆಂದರೂ ಜನರ ನಡುವೆ ಬೆಳೆದವರು, ಮಾತು ಬಲ್ಲವರು. “ಅಜ್ಜಿ, ಮುಖದ ಮ್ಯಾಲ ಹೇಳೂವಂಥಾವರು ಬೇಕ್ರಿ ನಮಗ” ಎಂದರು. ಆಮೇಲೆ ನಗುತ್ತ ಕೃಷ್ಣವ್ವನ ಕಡೆ ತಿರುಗಿದರು. “ಹೌದೇನಬೇ ಯಕ್ಕಾ? ಅಜ್ಜಿ ಖರೇನ ನಮಗ ಹಾಕಿಲ್ಲ?”

ಮೈಕು ಕೃಷ್ಣವ್ವನ ಬಾಯಿಯ ಹತ್ತಿರ ಬಂತು. ಹೊರಗೆ ಹೇಳಬಾರದು ಎಂದು ಹೆಬ್ಬೆಟ್ಟು ಒತ್ತಿದ್ದೇನೆ ಎನ್ನಬಹುದಿತ್ತು. ಅದು ಆಕೆಗೆ ನೆನಪಾದದ್ದು ಮನೆಗೆ ಹೋದ ಮೇಲೆ.

“ಹೌದ್ರಿ” ಎಂದಳು. ಆಕೆಯ ದನಿ ನಾಲ್ಕೂ ಕಡೆಯ ಸ್ಪೀಕರ್ ಡಬ್ಬಿಗಳಲ್ಲಿ ಊರಿಗೆಲ್ಲ ಕೇಳಿಸಿತು. ನಾನೂ ಕೇಳಿದ್ದೆ.

ಶಾಸಕರ ಖುರ್ಚಿಯ ಹಿಂದೆ ಮಾಂತೇಶ ನಿಂತಿದ್ದ. ಸಂದೀಪ ಓಟಿಗೆ ಬಂದಿರಲಿಲ್ಲ ಎಂಬುದು ಅವನಿಗೆ ಹೇಗೋ ಗೊತ್ತಾಗಿತ್ತು. ಸಭೆ ಮುಗಿದು ಹೊರಡುವಾಗ ಹತ್ತಿರ ಬಂದು, “ಆ ಎರಡನೇ ಓಟು ಎಲ್ಲಿಂದ ಬಂತಪಾ ಅಂತ ತಲಿ ಕೆಡಿಸಿಕೊಂಡಿದ್ದೆ. ಶಾಣ್ಯಾ ಇದ್ದಿ ಬಿಡು ಯಕ್ಕಾ” ಎಂದು ಮೆಲ್ಲಗೆ ಹೇಳಿ ಕಣ್ಣು ಮಿಟುಕಿಸಿದ. ಹೊಗಳಿಕೆ ಎಂದೇ ಅವನು ಹೇಳಿದ್ದು. ರಾಚವ್ವನ ಕೈ ರಟ್ಟೆಯ ಮೇಲಿತ್ತು. ಆಕೆ ಕಿವುಡಿಯಲ್ಲ.

“ಏನಂದ ಅಂವಾ?”

ಕೃಷ್ಣವ್ವ ಬೇವಿನ ಮರದ ಕೆಳಗೆ ನಿಂತಳು. ಇವತ್ತು ತಾನು ಹೇಳದಿದ್ದರೆ ನಾಳೆ ಮಾಂತೇಶ ಚಹಾದ ಅಂಗಡಿಯಲ್ಲಿ ಹೇಳುತ್ತಾನೆ, ಸಂಜೆಗೆ ವೀರಪ್ಪ ತಾಯಿಗೆ ಹೇಳುತ್ತಾನೆ. ಹೇಳಿಬಿಟ್ಟಳು. ಭಂಡಾರ, ಎರಡು ಓಟಿನ ಆಣೆ, ಸ್ಲ್ಯಾಬು, ನಾಲ್ಕನೆಯ ಗುಂಡಿ. ದುರ್ಗಾಳ ಹೆಸರು ಮಾತ್ರ ತೆಗೆಯಲಿಲ್ಲ. ತೆಗೆದಿದ್ದರೆ ಕರುಣೆ ಬೇಡಿದ ಹಾಗಾಗುತ್ತಿತ್ತು ಎಂದಳು ನನ್ನ ಹತ್ತಿರ.

ರಾಚವ್ವ ಕೇಳಿದ್ದು ಇಷ್ಟೇ.

“ಹಂಗಾದ್ರ ಈಗ ಮೈಕಿನಾಗ ನಾ ಸುಳ್ಳ ಹೇಳಿದೆ?”

“ನೀವಲ್ರಿ ಅವ್ವಾರ, ನಾನ್ರಿ...”

“ಊರ ಮುಂದ ಹೇಳಿದಾಕಿ ನಾನು. ಸಾಕ್ಷಿ ಹೇಳಿದಾಕಿ ನೀನು.” ರಟ್ಟೆಯ ಮೇಲಿನ ಕೈ ತೆಗೆದಳು. “ಹನ್ನೊಂದೂ ಬ್ಯಾರೇದವರವು ಅನ್ನು. ನಾ ಹತ್ತರ ಹೆಸರು ಹುಡುಕುತಿದ್ದೆ. ನೀ ಕುಂತು ಕೇಳತಿದ್ದಿ.”

ಅಲ್ಲಿಂದ ಮನೆಗೆ ಇನ್ನೂರು ಹೆಜ್ಜೆ. ರಾಚವ್ವ ಗೋಡೆ ಮುಟ್ಟುತ್ತ ಒಬ್ಬಳೇ ಹೋದಳು. ಕೃಷ್ಣವ್ವ ಎರಡು ಮಾರು ಹಿಂದೆ ನಡೆದಳು, ಬಿದ್ದರೆ ಹಿಡಿಯಲು. ರಾಚವ್ವ ಬೀಳಲಿಲ್ಲ.

ಎಂಟು ದಿನ ಕರೆ ಬರಲಿಲ್ಲ. ಒಂಬತ್ತನೆಯ ದಿನ ಶೈಲಜಾ ಬಂದು, “ಅತ್ತಿ ಜೋಳ ಹಸನ ಮಾಡಾಕ ಬಾ ಅಂದಾರ. ಏನಾಗೇತಿ ನಿಮ್ಮಿಬ್ಬರಿಗೆ?” ಎಂದಳು. ಯಾರೂ ಆಕೆಗೆ ಏನೂ ಹೇಳಿರಲಿಲ್ಲ. ಮಾಂತೇಶನೂ ಹೇಳಿರಲಿಲ್ಲ, ಅವನ ತಲೆ ಆಗಲೇ ಮುಂದಿನ ಪಂಚಾಯ್ತಿ ಚುನಾವಣೆಯಲ್ಲಿತ್ತು.

ಪಡಸಾಲೆಯಲ್ಲಿ ರಾಚವ್ವ ಕಂಬಕ್ಕೆ ಒರಗಿ ಕೂತಿದ್ದಳು. ಚೀಲ, ಮೊರ, ಪುಟ್ಟಿ ಎಲ್ಲ ಎಂದಿನ ಜಾಗದಲ್ಲಿದ್ದವು. ಕೃಷ್ಣವ್ವ ಕೂಡುವ ಮೊದಲು, ದಾರಿಯಲ್ಲೆಲ್ಲ ಕಟ್ಟಿಕೊಂಡು ಬಂದ ಮಾತನ್ನು ಹೇಳಿದಳು.

“ಮುಂದಿನ ಸಲ ನನ್ನ ಓಟು ನೀವು ಹೇಳಿದ್ದಕ್ಕ ಒತ್ತತೇನ್ರಿ ಅವ್ವಾರ. ಭಂಡಾರ ಮುಟ್ಟಿ ಹೇಳತೇನಿ.”

“ಬ್ಯಾಡ. ನಿನ್ನ ಓಟು ನಾ ತಗೊಂಡ್ರ ನನಗೂ ನಿನಗೂ ಏನ ಫರಕ್ ಉಳೀತು? ಭಂಡಾರ ಮುಟ್ಟೂದು ಬಿಡು ಇನ್ನ. ಗುಂಡಿ ಒಂದರ ಕೆಳಗ ಒಂದು ಇರತಾವಂತಲ್ಲ, ಶೈಲಜಾ ಹೇಳಿದ್ಲು. ಬೆರಳ ಹಚ್ಚಿ ಎಣಿಸಿದ್ರ ನನಗ ತಿಳೀತಿತ್ತು. ಮುಂದಿನ ಸಲ ಇದ್ರ ನಾನ ಎಣಿಸಿ ಒತ್ತತೇನಿ. ನೀ ಬಾಗಲತನಕ ಬಂದ್ರ ಸಾಕು.”

“ಹೂಂನ್ರಿ.”

“ಕೇರಿಗೆ ಪೈಪು ಬಂತೇನ?”

“ಅಳತಿ ಮಾಡಿ ಹೋಗ್ಯಾರ್ರಿ.”

ಕೃಷ್ಣವ್ವ ಚೀಲದ ಬಾಯಿ ಬಿಚ್ಚಿ ಮೊರಕ್ಕೆ ಜೋಳ ಸುರಿದುಕೊಂಡಳು. ಕೇರಿದಳು, ಹೊಟ್ಟು ಹಾರಿತು. ಹರಳು, ಮಣ್ಣು, ಕಪ್ಪು ಕಾಳು ಆರಿಸಿ ತೆಗೆದಳು. ಎಂದಿಗಿಂತ ಒಂದು ಸಲ ಹೆಚ್ಚು ಆರಿಸಿದಳು. ಪುಟ್ಟಿ ತುಂಬಿದ ಮೇಲೆ ಎತ್ತಿ ಶೈಲಜಾಳ ಕಡೆ ಸರಿಸಲು ಹೋದಾಗ ರಾಚವ್ವ ಕೈ ಚಾಚಿದಳು.

“ಇತ್ಲಾಗ ಕೊಡು.”

ಪುಟ್ಟಿಯನ್ನು ಮಡಿಲ ಮುಂದೆ ಎಳೆದುಕೊಂಡು ಜೋಳದೊಳಗೆ ಬೆರಳಿಳಿಸಿದಳು. ಮೆಲ್ಲಗೆ, ತಳದವರೆಗೆ. ಒಂದು ಹರಳು ಸಿಕ್ಕಿತು, ಸಾಸಿವೆಯಷ್ಟು. ಅದನ್ನು ತೆಗೆದು ಕೃಷ್ಣವ್ವನ ಮುಂದೆ ನೆಲದ ಮೇಲಿಟ್ಟಳು. ಅಡುಗೆಮನೆಯ ಬಾಗಿಲಲ್ಲಿ ಶೈಲಜಾ ನಿಂತು ನೋಡುತ್ತಿದ್ದಳು.

ಕೃಷ್ಣವ್ವ ಪುಟ್ಟಿಯನ್ನು ತಿರುಗಿ ತನ್ನ ಕಡೆ ಎಳೆದುಕೊಂಡು, ಎಲ್ಲ ಜೋಳವನ್ನು ಮೊರಕ್ಕೆ ಸುರಿದು, ಮೊದಲಿನಿಂದ ಕೇರತೊಡಗಿದಳು.